ಸಹಾಯ ಬೇಕು: ಎಸ್ಸೆಸ್ಸೆಲ್ಸಿ ಆದಮೇಲೆ ಮಗನಿಗೆ ಏನು ಓದಿಸೋದು?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು. ಮಗ ಈ ವರ್ಷ ಹತ್ತನೇ ಕ್ಲಾಸು. ಯಜಮಾನರಿಗೆ ಸೈನ್ಸ್ ಆಗಬೇಕು, ಮಾವನವರಿಗೆ ಮಿಲಿಟರಿ. ಇವನನ್ನು ಕೇಳಿದರೆ ತುಟಿ ಬಿಚ್ಚುವುದಿಲ್ಲ.

ಆದರೆ ಕಾಫಿ ಕೊಯ್ಲಿನ ಸಮಯದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವಷ್ಟರಲ್ಲಿ ಇವನೇ ಬಿಚ್ಚಿ, ಸಿಕ್ಕಿಕೊಂಡಿದ್ದ ಕಲ್ಲು ತೆಗೆದು, ಬೆಲ್ಟ್ ಬಿಗಿ ಮಾಡಿ ಓಡಿಸಿದ. ಮೂರು ಗಂಟೆ ಊಟದ ನೆನಪೂ ಇರಲಿಲ್ಲ. ಗಣಿತದಲ್ಲಿ ಮಾತ್ರ 40 ದಾಟುವುದಿಲ್ಲ!

ಹಿಂದೆ ಒಬ್ಬರು ಬೆರಳಚ್ಚು ನೋಡಿ ಮಗುವಿನ ಪ್ರತಿಭೆ ಹೇಳುತ್ತೇವೆ ಅಂತ 3,000 ರೂಪಾಯಿ ತಗೊಂಡರು. ಬಂದ ರಿಪೋರ್ಟ್ ಜಾತ್ರೆಯ ಗಿಣಿಶಾಸ್ತ್ರದ ಥರ ಇತ್ತು. ನನ್ನದೇ ತಪ್ಪು ಬಿಡಿ.

ನನಗೆ ಬೇಕಿರುವುದು ಸರಿಯಾದ ಆಪ್ಟಿಟ್ಯೂಡ್ ಟೆಸ್ಟ್. ಲೆಕ್ಕ, ಭಾಷೆ, ಯಂತ್ರದ ತಿಳಿವಳಿಕೆ, ಆಕಾರ ಗುರುತಿಸುವುದು, ಎಲ್ಲ ಬೇರೆ ಬೇರೆಯಾಗಿ ಅಳೆಯುವಂಥದ್ದು. ಜೊತೆಗೆ ಆಸಕ್ತಿಯನ್ನು ಆರು ಬಗೆಯಾಗಿ ನೋಡುವ, ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞರ ಪ್ರಶ್ನಾವಳಿಯೂ ಇದ್ದರೆ ಒಳ್ಳೆಯದು. ಇಷ್ಟಪಟ್ಟಿದ್ದೆಲ್ಲ ಕೈಗೆ ಹತ್ತುವುದಿಲ್ಲ, ಅಲ್ವಾ? ಮಡಿಕೇರಿ, ಕುಶಾಲನಗರ ಅಥವಾ ಮೈಸೂರಿನಲ್ಲಿ ಕನ್ನಡದಲ್ಲೇ ಮಾಡಿಸಿ, ಆಮೇಲೆ ಕೂತು ಮಾತಾಡುವ ಕೌನ್ಸೆಲರ್ ಗೊತ್ತಿದ್ದರೆ ಹೇಳಿ.

ಇನ್ನೊಂದು. ಕುಶಾಲನಗರದ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಓದಿದವರು ಇದ್ದೀರಾ? 3 ವರ್ಷದ ಡಿಪ್ಲೊಮಾ ಆದಮೇಲೆ ಇಂಜಿನಿಯರಿಂಗ್ 2ನೇ ವರ್ಷಕ್ಕೆ ಸೇರಬಹುದು ಎಂದ ಮೇಲೆ ಯಜಮಾನರು ಸ್ವಲ್ಪ ಮೆತ್ತಗಾಗಿದ್ದಾರೆ. ಅಲ್ಲಿನ ಗಣಿತ ಇವನಿಗೆ ಹಿಡಿತಕ್ಕೆ ಬರುತ್ತದಾ, ಮುಚ್ಚುಮರೆ ಇಲ್ಲದೆ ಹೇಳಿ.