ಅಪ್‌ಡೇಟ್: ಶಿರಸಿ ಕಡೆಯ ಬಾಡಿಗೆ ಮನೆಗೆ ಹೋಗಿ ಬಂದೆವು

ಶಿರಸಿ, ಸಿದ್ದಾಪುರ ಕಡೆ ಹೊಳೆ ಹತ್ತಿರ ಎರಡು ದಿನಕ್ಕೆ ಮನೆ ಸಿಗುತ್ತಾ ಎಂದು ಕೇಳಿದ್ದೆ ಅಲ್ವಾ? ಅಡಿಕೆ ತೋಟದ ನಡುವೆ ಹೆಂಚಿನ ಮನೆಯೊಂದು ಸಿಕ್ಕಿತು.

"ಹೊಳೆ ಪಕ್ಕದಲ್ಲೇ" ಎಂದಿದ್ದರು. ಪಕ್ಕ ಅಂದರೆ ತೋಟ ಇಳಿದು ಇಪ್ಪತ್ತು ನಿಮಿಷ! ದಾರಿಯುದ್ದಕ್ಕೂ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ನಮ್ಮವಳ ಕಾಲಿಗೆ ಮೂರು ಹತ್ತಿದ್ದವು. ಮನೆಯವರು ನಗುತ್ತಾ ಒಂದು ಚಿಟಿಕೆ ಉಪ್ಪು ಹಾಕಿದರು, ಉದುರಿಹೋದವು. ಮಧ್ಯಾಹ್ನ ಅವರೇ ಬಡಿಸಿದ ಅಪ್ಪೆಹುಳಿ (ಮಾವಿನಕಾಯಿಯ ತಿಳಿ ಸಾರು) ಕುಡಿದ ಮೇಲೆ ಸಿಟ್ಟೂ ಇಳಿಯಿತು.

ಉಂಚಳ್ಳಿ ಜಲಪಾತ ನೋಡಿದೆವು. ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತಾಳೆ, ಆದರೆ ಮಂಜು ಸರಿಯಲು ಅರ್ಧ ಗಂಟೆ ಸುಮ್ನೆ ನಿಂತಿದ್ದೆವು. ಸಹಸ್ರಲಿಂಗಕ್ಕೂ ಹೋದೆವು. ಅಲ್ಲಿನ ಶಾಲ್ಮಲಾ ಹೊಳೆಯಲ್ಲಿ ನೀರು ಜಾಸ್ತಿ, ಬಂಡೆಗಳ ಮೇಲೆ ಕೆತ್ತಿದ ಲಿಂಗಗಳೆಲ್ಲ ಮುಳುಗಿದ್ದವು. ಅವನ್ನು ನೋಡಲೆಂದೇ ಹೋಗುವವರು ಬೇಸಿಗೆಯಲ್ಲಿ ಹೋಗಿ. ಯಾಣ ಈ ಸಲ ಆಗಲಿಲ್ಲ.