ಬೇಸಿಗೆ ಕಲಾಮೇಳದ ಉಪನ್ಯಾಸಕ್ಕೆ ಜನರಿಲ್ಲ, ಕಾರ್ಯಾಗಾರದಲ್ಲಿ ಜಾಗವಿಲ್ಲ: ಏನು ಮಾಡಬಹುದು?

ಪ್ರಶ್ನೆ: ಸಂಘಟಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾವು ಏಳೆಂಟು ಜನ ಗೆಳೆಯರು ಸೇರಿ, ಶಾಲೆಗಳಿಗೆ ರಜೆ ಬಿದ್ದ ಮೇಲೆ ಏಪ್ರಿಲ್ ಕೊನೆಯ ವಾರದಲ್ಲಿ ಮೂರು ದಿನಗಳ ಒಂದು ಸಣ್ಣ ಕಲಾಮೇಳವನ್ನು ನಡೆಸುತ್ತ ಬಂದಿದ್ದೇವೆ. ಸಂಜೆಯ ನಾಟಕಕ್ಕಾಗಲಿ ಸಂಗೀತಕ್ಕಾಗಲಿ ಜನರ ಕೊರತೆ ಎಂದೂ ಆಗಿಲ್ಲ. ನಮ್ಮನ್ನು ಕಾಡುತ್ತಿರುವುದು ಹಗಲಿನ ಕಾರ್ಯಕ್ರಮಗಳು, ಅಂದರೆ ಉಪನ್ಯಾಸಗಳು ಮತ್ತು ಕಾರ್ಯಾಗಾರಗಳು.

ಕಳೆದ ವರ್ಷ ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಚಿತ್ರದುರ್ಗ ಸೀಮೆಯ ಶಾಸನಗಳ ಬಗ್ಗೆ ಮಾತನಾಡಲು ಹಿರಿಯ ವಿದ್ವಾಂಸರೊಬ್ಬರನ್ನು ಕರೆಸಿದ್ದೆವು. ಆಹ್ವಾನಪತ್ರಿಕೆಯಲ್ಲಿ 11 ಗಂಟೆಗೆಂದು ಅಚ್ಚಾಗಿದ್ದ ಉಪನ್ಯಾಸ ಶುರುವಾಗುವಾಗ 12 ದಾಟಿತ್ತು. ಸಭಾಂಗಣಕ್ಕೆ ತಗಡಿನ ಚಾವಣಿ, ನಡುವೆ ಕರೆಂಟು ಬೇರೆ ಹೋಯಿತು, ಊಟದ ಹೊತ್ತು ಹತ್ತಿರ ಬಂದಂತೆ ಒಬ್ಬೊಬ್ಬರೇ ಎದ್ದು ಹೊರಟರು. ಕೊನೆಯಲ್ಲಿ ಮೈಕಿನವರನ್ನೂ ಸೇರಿಸಿ ಎಣಿಸಿದರೆ ಕುಳಿತಿದ್ದವರು 14 ಜನ. ಆ ಹಿರಿಯರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, ಸ್ವಲ್ಪವೂ ಬೇಸರ ತೋರಿಸದೆ ಮಾತು ಮುಗಿಸಿದರು. ಅವರ ಮುಖ ನೋಡಲು ನಮಗೇ ಆಗಲಿಲ್ಲ. ಅದೇ ದಿನ ಪಕ್ಕದ ಕೊಠಡಿಯಲ್ಲಿ ಮಡಕೆ ಮಾಡುವ ಕಾರ್ಯಾಗಾರವಿತ್ತು. 40 ಮಕ್ಕಳೆಂದು ಲೆಕ್ಕ ಹಾಕಿದ್ದೆವು, ಬಂದವರು 100ಕ್ಕೂ ಹೆಚ್ಚು. ಕಲಿಸುವವರು ಒಬ್ಬರು, ತಿಗರಿ ಒಂದೇ. ಅವರು ತಿಗರಿ ತಿರುಗಿಸುವುದನ್ನು ಮಕ್ಕಳು ಸುತ್ತ ನಿಂತು ನೋಡಿ, ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡು ಹೋದರು. ಕೈಗೆ ಮಣ್ಣು ಮೆತ್ತಿಕೊಂಡ ಮಕ್ಕಳು ಇಪ್ಪತ್ತು ಇದ್ದರೆ ಹೆಚ್ಚು.

ಈ ವರ್ಷ ರಂಗಗೀತೆ ಮತ್ತು ತೊಗಲುಗೊಂಬೆಯ ಕಾರ್ಯಾಗಾರಗಳನ್ನು ಇಡಬೇಕೆಂದಿದ್ದೇವೆ. ಉಪನ್ಯಾಸವನ್ನು ಪೂರ್ತಿಯಾಗಿ ಕೈಬಿಡೋಣ ಎನ್ನುವುದು ನಮ್ಮಲ್ಲಿ ಕೆಲವರ ಅಭಿಪ್ರಾಯ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಆದರೆ ಅವರಿಗೆ ಕೊಡಲು ನನ್ನಲ್ಲಿ ಉತ್ತರವೂ ಇಲ್ಲ. ಎರಡನ್ನೂ ಯಾವ ಹೊತ್ತಿಗೆ, ಎಷ್ಟು ಜನರಿಗೆ, ಯಾವ ರೀತಿ ಹೊಂದಿಸಬಹುದು ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಸಂಗೀತ ಶಿಕ್ಷಕ, ದಾವಣಗೆರೆ

ಮೇಡಂ, ಉಪನ್ಯಾಸವನ್ನು ಕೈಬಿಡಬೇಡಿ. ಅದನ್ನು ಕಾರ್ಯಾಗಾರದ ಕೋಣೆಯೊಳಗೇ ಕರೆದುಕೊಂಡು ಬನ್ನಿ. ರಂಗಗೀತೆಯ ವಿಷಯದಲ್ಲಿ ಇದನ್ನು ಹೇಳುವ ಧೈರ್ಯ ನನಗಿದೆ, ಏಕೆಂದರೆ ನಮ್ಮೂರು ಮೊದಲಿನಿಂದಲೂ ಕಂಪನಿ ನಾಟಕದ ಊರು. ದುಗ್ಗಮ್ಮನ ಜಾತ್ರೆ ಬಂತೆಂದರೆ ಕಂಪನಿಗಳು ಇಲ್ಲಿ ಕ್ಯಾಂಪ್ ಹಾಕುತ್ತಿದ್ದವು. ಹೆಸರಾಂತ ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದೇ. ವೃತ್ತಿ ರಂಗಭೂಮಿಗೆಂದೇ, ಅಂದರೆ ಕಂಪನಿ ನಾಟಕಗಳಿಗೆಂದೇ, ಸರ್ಕಾರದ ರಂಗಸಂಸ್ಥೆಯಾದ ರಂಗಾಯಣವೊಂದು ಈಗ ಇಲ್ಲಿಗೆ ಬಂದಿರುವುದಕ್ಕೂ ಆ ಹಿನ್ನೆಲೆಯೇ ಕಾರಣ.

ಇಂಥ ಊರಿನಲ್ಲಿ ‘ವೃತ್ತಿ ರಂಗಭೂಮಿಯ ಇತಿಹಾಸ’ ಎಂದು ಫಲಕ ಕಟ್ಟಿ ಒಬ್ಬರನ್ನು ಪೀಠದ ಹಿಂದೆ ನಿಲ್ಲಿಸಿದರೆ ಮತ್ತೆ 14 ಜನರೇ ಉಳಿಯುತ್ತಾರೆ. ಅದೇ ಇತಿಹಾಸವನ್ನು ಒಂದು ಕಾಲು ಹಾರ್ಮೋನಿಯಂ ಮುಂದಿಟ್ಟುಕೊಂಡು ಹೇಳಿಸಿ ನೋಡಿ. ಕೈ ಹಾರ್ಮೋನಿಯಂನಲ್ಲಿ ಒಂದು ಕೈ ತಿದಿ ಒತ್ತುವುದಕ್ಕೇ ಹೋಗುತ್ತದೆ. ಕಾಲು ಹಾರ್ಮೋನಿಯಂನಲ್ಲಿ ತಿದಿಯನ್ನು ಪಾದಗಳು ತುಳಿಯುವುದರಿಂದ ಎರಡೂ ಕೈಗಳು ಸ್ವರದ ಮನೆಗಳ ಮೇಲೇ ಇರುತ್ತವೆ, ನಾದ ತುಂಬಿಕೊಂಡು ಬರುತ್ತದೆ, ಮೇಷ್ಟ್ರ ಕಣ್ಣು ರಂಗದ ಮೇಲಿನ ನಟನ ತುಟಿಯನ್ನು ಬಿಟ್ಟು ಆಚೀಚೆ ಹೋಗಬೇಕಾಗಿಲ್ಲ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ಹಾಡು ಮುಟ್ಟಬೇಕಾಗಿದ್ದ ಒತ್ತಾಯದಿಂದ ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಮರಾಠಿ ರಂಗಭೂಮಿಯ ಗಾಳಿ ಬೀಸಿದ್ದರಿಂದ ಭೀಮಪಲಾಸ, ಕಾಫಿಯಂಥ ರಾಗಗಳು ನಮ್ಮ ಕಂಪನಿಗಳಲ್ಲಿ ಮನೆಮಾತಾದವು. ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯಬೇಕಾಗಿತ್ತು ಎಂಬ ಕಥೆ ಎಲ್ಲ ಕಂಪನಿಗಳಲ್ಲೂ ಇದೆ. ಇವೆಲ್ಲ ಉಪನ್ಯಾಸದ ಸರಕೇ ತಾನೇ? ಹತ್ತು ನಿಮಿಷ ಮಾತು, ಒಂದು ಹಾಡು, ಮತ್ತೆ ಹತ್ತು ನಿಮಿಷ ಮಾತು ಎಂದು ನಡೆಸಿದರೆ ಒಂದೂವರೆ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಇನ್ನು ಕಾರ್ಯಾಗಾರದ ಮಾತು. ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಮೂರೂ ದಿನ ಅದೇ 25 ಜನ, ಕಲಿಸುವುದು ಎರಡೇ ಹಾಡು. ಹಾಡಿನ ಸಾಹಿತ್ಯವನ್ನು ಜೆರಾಕ್ಸ್ ಮಾಡಿ ಹಂಚುವುದನ್ನು ಮೊದಲ ದಿನ ತಪ್ಪಿಸಿ; ಕಾಗದ ಕೈಗೆ ಬಂದೊಡನೆ ಕಿವಿ ಮುಚ್ಚಿಹೋಗುತ್ತದೆ. ಒಂದು ತಾಂತ್ರಿಕ ಎಚ್ಚರಿಕೆಯನ್ನೂ ಹೇಳಬೇಕು. ಗಂಡಸರು ಕಪ್ಪು ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಸಲೀಸಾಗಿ ಹಾಡಿದರೆ ಹೆಂಗಸರಿಗೂ ಮಕ್ಕಳಿಗೂ ಸುಮಾರಾಗಿ ಬಿಳಿ ಐದು, ಅಂದರೆ ಐದನೆಯ ಬಿಳಿ ಮನೆಯ ಶ್ರುತಿ, ಬೇಕಾಗುತ್ತದೆ. ಎಲ್ಲರನ್ನೂ ಒಂದೇ ಶ್ರುತಿಗೆ ಕಟ್ಟಿಹಾಕಿದರೆ ಅರ್ಧ ಜನ ಅರಚುತ್ತಾರೆ, ಉಳಿದರ್ಧ ಬಾಯಿ ಮಾತ್ರ ಆಡಿಸುತ್ತಾರೆ. ಎರಡು ಗುಂಪು ಮಾಡುವುದು ಅನಿವಾರ್ಯ.

ಉತ್ತರ 2: ಪರದೆಯ ಹಿಂದಿನವನು, ಚಿತ್ರದುರ್ಗ

ತೊಗಲುಗೊಂಬೆಯ ಕಾರ್ಯಾಗಾರಗಳಲ್ಲಿ ನಾನು ಕೆಲವು ವರ್ಷ ಸಹಾಯಕನಾಗಿ ಕೆಲಸ ಮಾಡಿದ್ದೇನೆ, ಆ ಒಂದು ವಿಷಯದ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದಾಗಿ, ಮೂರು ದಿನದಲ್ಲಿ ಹಸಿ ತೊಗಲಿನಿಂದ ಗೊಂಬೆಯವರೆಗೆ ಎಲ್ಲವನ್ನೂ ಮಾಡಿಸಲು ಹೋಗಬೇಡಿ. ಮೇಕೆಯ ತೊಗಲನ್ನು ನೆನೆಹಾಕಿ, ಕೂದಲು ಮತ್ತು ಮಾಂಸದ ಪೊರೆಯನ್ನು ಹೆರೆದು, ಹಲಗೆಯ ಮೇಲೆ ಎಳೆದು ಬಿಗಿದು ಒಣಗಿಸಿ, ಬೆಳಕು ಹಾಯುವಷ್ಟು ತೆಳುವಾಗಿಸುವುದಕ್ಕೇ ದಿನಗಳು ಬೇಕು. ಆ ವಾಸನೆಗೆ ಪೇಟೆಯ ಮಕ್ಕಳು ಮೊದಲ ಗಂಟೆಯಲ್ಲೇ ಓಡಿಹೋಗುತ್ತಾರೆ. ಹದಮಾಡಿದ ತೊಗಲನ್ನೇ ಕಲಾವಿದರಿಂದ ತರಿಸಿ, ಅದರ ಬೆಲೆಯನ್ನು ಅವರ ಸಂಭಾವನೆಯಿಂದ ಪ್ರತ್ಯೇಕವಾಗಿ ಕೊಡಿ.

ಎರಡನೆಯದು ಬಣ್ಣ. ಒಮ್ಮೆ ನಾವೇ ಮಾಡಿದ ತಪ್ಪನ್ನು ಹೇಳುತ್ತೇನೆ. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು ಮಕ್ಕಳಿಗೆ ಪೋಸ್ಟರ್ ಬಣ್ಣ ಕೊಟ್ಟೆವು. ಮೇಜಿನ ಮೇಲೆ ಗೊಂಬೆಗಳು ನವಿಲಿನ ಹಾಗೆ ಕಾಣುತ್ತಿದ್ದವು. ಸಂಜೆ ಪರದೆ ಕಟ್ಟಿ ಹಿಂದಿನಿಂದ ದೀಪ ಹಚ್ಚಿದಾಗ ರಾವಣನೂ ಕಪ್ಪು, ಸೀತೆಯೂ ಕಪ್ಪು, ಜಟಾಯುವಂತೂ ಬರೀ ಕಾಗೆ. ಪೋಸ್ಟರ್ ಬಣ್ಣ ಬೆಳಕನ್ನು ತಡೆಯುತ್ತದೆ ಎಂಬ ಸಣ್ಣ ಸಂಗತಿ ನಮಗೆ ಹೊಳೆದೇ ಇರಲಿಲ್ಲ. ತೊಗಲಿನೊಳಕ್ಕೆ ಇಳಿದು ಬೆಳಕನ್ನು ಹಾಯಲು ಬಿಡುವಂಥ ತೆಳುವಾದ ಬಣ್ಣವೇ ಬೇಕು. ಕಿರೀಟ, ಸರ, ಸೀರೆಯ ಅಂಚುಗಳನ್ನು ಕುಂಚದಿಂದ ಬರೆಯದೆ ಸಣ್ಣ ಉಳಿಯಿಂದ ತೂತು ತೂತಾಗಿ ಕೊರೆಯುವುದೂ ಇದೇ ಕಾರಣಕ್ಕೆ. ಗೆರೆ ಎಳೆದರೆ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ, ತೂತು ಕೊರೆದರೆ ಆಭರಣ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತದೆ. ಅಳುಮೋರೆ ಹಾಕಿಕೊಂಡಿದ್ದ ಆ ಮಕ್ಕಳಿಗೆ ಕಲಾವಿದರು ತಮ್ಮ ಹಳೆಯ ಗೊಂಬೆಯೊಂದನ್ನು ಪಕ್ಕದಲ್ಲಿ ಹಿಡಿದು ತೋರಿಸಿ ಇದನ್ನು ವಿವರಿಸಿದರು. ನಾನು ಕೇಳಿದ ಒಳ್ಳೆಯ ಉಪನ್ಯಾಸಗಳಲ್ಲಿ ಅದೂ ಒಂದು, ಹದಿನೈದು ನಿಮಿಷವೂ ಇರಲಿಲ್ಲ.

ಹೊತ್ತಿನ ವಿಚಾರಕ್ಕೆ ಬಂದರೆ, ನೆರಳಿನಾಟಕ್ಕೆ ಕತ್ತಲೆ ಬೇಕು. ಸಂಜೆ ನಾಲ್ಕಕ್ಕೆ ಕೈಕೆಲಸ ಆರಂಭಿಸಿ, ಏಳು ಗಂಟೆಗೆ ಪರದೆಯ ಮುಂದೆ ಎಲ್ಲರನ್ನೂ ಕೂರಿಸಿ. ಗೊಂಬೆಯಾಟದ ನಗೆಜೋಡಿಯಾದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕನ ಹಾಸ್ಯವನ್ನು ಕಲಾವಿದರು ತಾವಾಗಿಯೇ ತರುತ್ತಾರೆ, ಅದಕ್ಕೆ ಸಮಯದ ಮಿತಿ ಹಾಕಬೇಡಿ. ರಾಜರ ಗೊಂಬೆ ದೊಡ್ಡದು, ಸೇವಕರ ಗೊಂಬೆ ಚಿಕ್ಕದು ಏಕೆ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಅಂತಸ್ತಿಗೆ ತಕ್ಕ ಅಳತೆ ಎಂಬ ಉತ್ತರದಿಂದಲೇ ದೊಡ್ಡವರ ಚರ್ಚೆಯೊಂದು ಹುಟ್ಟಿಕೊಳ್ಳಬಹುದು. ಮಳೆ ಬಾರದಿದ್ದಾಗ ಊರವರು ಗೊಂಬೆಯಾಡಿಸುತ್ತಿದ್ದ ರೂಢಿಯೂ ಇರುವುದರಿಂದ ಬಯಲುಸೀಮೆಯ ಬೇಸಿಗೆಗೆ ಈ ಕಲೆ ಹೊಸದೇನೂ ಅಲ್ಲ.

ಶಾಸನದ ಉಪನ್ಯಾಸದ ಬಗ್ಗೆ ಒಂದು ಮಾತು. ಮುಂದಿನ ಸಲ ಆ ಹಿರಿಯರನ್ನು ಸಭಾಂಗಣಕ್ಕೆ ಕರೆಯದೆ, ಬೆಳಿಗ್ಗೆ ಆರೂವರೆಗೆ ಜನರನ್ನೇ ನಮ್ಮ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಕರೆತನ್ನಿ. ಕದಂಬರ ದೊರೆ ಮಯೂರಶರ್ಮನ ಶಾಸನ ಅಲ್ಲಿನ ಬಂಡೆಯ ಮೇಲಿದೆ, ಅದರ ವಿಷಯ ಕೆರೆ. ಕೆರೆಯ ಮಗ್ಗುಲಲ್ಲೇ ನಿಂತು, ಪ್ರಾಕೃತ ಭಾಷೆಯ ಆ ಸಾಲುಗಳನ್ನು ಓದಿಸಿಕೊಂಡರೆ ಮೈಕೂ ಬೇಡ, ಫ್ಯಾನೂ ಬೇಡ. ಒಂಬತ್ತಕ್ಕೆ ಬಂಡೆ ಕಾಯುವುದರೊಳಗೆ ಎಲ್ಲರೂ ಮರಳಬಹುದು.

ಉತ್ತರ 3: ಕೊನೆಯ ಸಾಲಿನ ಶ್ರೋತೃ, ಹೊಸದುರ್ಗ

ಮೇಲಿನ ಇಬ್ಬರ ಸಲಹೆಗಳೂ ಉಪಯುಕ್ತವಾಗಿವೆ, ಆದರೆ ಉಪನ್ಯಾಸವೆಂದರೆ ಹಾಡು, ಗೊಂಬೆ, ನಡಿಗೆಗಳ ಆಸರೆಯಿಲ್ಲದೆ ನಿಲ್ಲಲಾರದ್ದು ಎಂಬ ಧ್ವನಿಯನ್ನು ನಾನು ಒಪ್ಪುವುದಿಲ್ಲ. ಕೆಲವು ವಿಷಯಗಳಿಗೆ ಬರೀ ಮಾತೇ ಬೇಕು. ನಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿ ನವೆಂಬರಿನಲ್ಲಿ ನಡೆಯುವ ನಾಟಕೋತ್ಸವದಲ್ಲಿ ವಚನಗೀತೆ ಮುಗಿದ ಮೇಲೆ ಉಪನ್ಯಾಸವಿರುತ್ತದೆ, ಅದರ ನಂತರ ನಾಟಕ. ಹಳ್ಳಿಯ ಜನ, ಹೆಂಗಸರು ಮಕ್ಕಳು ಸಮೇತ, ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು ಆ ಮಾತನ್ನು ಕೇಳುತ್ತಾರೆ. ನಾಟಕಕ್ಕಾಗಿ ಜಾಗ ಹಿಡಿದು ಕುಳಿತವರೂ ಅವರಲ್ಲಿ ಇರುತ್ತಾರೆನ್ನಿ, ಆದರೆ ಕಿವಿಗೆ ಬಿದ್ದ ಮಾತು ಬಿದ್ದದ್ದೇ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ಎಂಬ ರಂಗಸಂಸ್ಥೆ ನಡೆಸುವ ಸಂಸ್ಕೃತಿ ಶಿಬಿರದ ಕ್ರಮ ಇದಕ್ಕಿಂತ ಭಿನ್ನ: ರಾತ್ರಿ ನಾಟಕ ನೋಡುತ್ತಾರೆ, ಮರುದಿನ ಬೆಳಿಗ್ಗೆ ಅದರ ಮೇಲೆ ಚರ್ಚೆ. ನಿಮ್ಮ ಮೇಳಕ್ಕೆ ಈ ಎರಡನೆಯ ಕ್ರಮ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ, ಏಕೆಂದರೆ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ನಿಮಗಿರುವ ಬಂಡವಾಳ. ಗೊಂಬೆಯಾಟ ನೋಡಿದವರಿಗೆ ಮರುದಿನ ಎಂಟು ಗಂಟೆಗೆ ಅದರ ಬಗ್ಗೆ ಕೇಳುವ ಆಸೆ ಇದ್ದೇ ಇರುತ್ತದೆ. ನೋಡದ ವಸ್ತುವಿನ ಬಗ್ಗೆ ಮಟಮಟ ಮಧ್ಯಾಹ್ನ ಕೇಳಿ ಎಂದರೆ ಯಾರು ಕೇಳುತ್ತಾರೆ?

ನಿಜವಾದ ರೋಗ ಬೇರೆಡೆ ಇದೆ. 11ರ ಉಪನ್ಯಾಸ 12 ದಾಟಿ ಶುರುವಾಯಿತು ಎಂದಿರಿ; ಆ ಒಂದು ಗಂಟೆಯಲ್ಲಿ ಏನೇನು ನಡೆಯಿತು ಎಂದು ನೀವು ಬರೆದಿಲ್ಲ, ಆದರೂ ನಾನು ಊಹಿಸಬಲ್ಲೆ. ಪ್ರಾರ್ಥನೆ, ನಾಡಗೀತೆ, ದೀಪ ಬೆಳಗುವುದು, ಗಾಳಿಗೆ ಆರಿದ ದೀಪವನ್ನು ಮತ್ತೆ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ನುಡಿ, ಮುಖ್ಯ ಅತಿಥಿಗಳ ನುಡಿ, ತಡವಾಗಿ ಬಂದವರನ್ನು ವೇದಿಕೆಗೆ ಕರೆದು ಹಾರ ಹಾಕುವುದು. ಉಪನ್ಯಾಸಕರ ಸರದಿ ಬರುವಷ್ಟರಲ್ಲಿ ಅವರನ್ನು ಕೇಳಲೆಂದೇ ಬಂದವರು ದಣಿದಿರುತ್ತಾರೆ. ಈ ಎಲ್ಲ ಶಾಸ್ತ್ರಗಳನ್ನು ಮೊದಲ ದಿನ ಸಂಜೆ ಒಂದೇ ಸಲ ಮುಗಿಸಿಬಿಡಿ. ಉಪನ್ಯಾಸದ ಹೊತ್ತಿಗೆ ಒಬ್ಬರು ಎದ್ದು ನಿಂತು ಎರಡು ವಾಕ್ಯಗಳಲ್ಲಿ ಪರಿಚಯಿಸಲಿ, 40 ನಿಮಿಷ ಮಾತು, 20 ನಿಮಿಷ ಪ್ರಶ್ನೆ. ದಿನಕ್ಕೊಂದೇ ಉಪನ್ಯಾಸ ಸಾಕು.

ಕಾರ್ಯಾಗಾರಕ್ಕೆ ಶುಲ್ಕವಿಡಿ, 50 ರೂಪಾಯಿಯಾದರೂ ಸರಿ. ಉಚಿತವೆಂದರೆ ಹೆಸರು ಕೊಟ್ಟವರು ಬರುವುದಿಲ್ಲ, ಕೊಡದವರು ತುಂಬಿಕೊಳ್ಳುತ್ತಾರೆ. ಕೊಡಲಾಗದ ಮಕ್ಕಳಿಗೆ ಕೆಲವು ಸ್ಥಾನಗಳನ್ನು ಸದ್ದಿಲ್ಲದೆ ಬಿಟ್ಟಿಡಿ. ಪ್ರಮಾಣಪತ್ರವನ್ನು ಮೂರನೆಯ ದಿನವೇ ಕೊಡಿ. ಕಲಾವಿದರ ಸಂಭಾವನೆ ಎಷ್ಟು, ಯಾವ ದಿನ ಕೈಸೇರುತ್ತದೆ ಎಂಬುದನ್ನು ಕರೆಯುವಾಗಲೇ ಬರೆದು ತಿಳಿಸಿ. ಕಾರಿನಲ್ಲಿ ಬಂದ ಭಾಷಣಕಾರರಿಗೆ ಲಕೋಟೆಯನ್ನೂ, ಗೊಂಬೆಯ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದವರಿಗೆ ಶಾಲು, ನೆನಪಿನ ಕಾಣಿಕೆಗಳನ್ನೂ ಕೊಟ್ಟು ಕಳುಹಿಸಿದ ಸಭೆಯೊಂದರಲ್ಲಿ ನಾನು ಕುಳಿತಿದ್ದೆ. ಆ ಶಾಲನ್ನು ಅವರು ಬಸ್ ನಿಲ್ದಾಣದಲ್ಲಿ ಗೊಂಬೆಗಳ ಮೇಲೆ ಹೊದಿಸುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮರುನುಡಿ: ಸಂಘಟಕಿ, ದಾವಣಗೆರೆ

ಮೂವರಿಗೂ ಕೃತಜ್ಞತೆಗಳು. ದೀಪ ಆರಿದ್ದು ಸಹಿತ ಊಹೆ ಸರಿಯಾಗಿದೆ, ಹೊಸದುರ್ಗದವರು ಅಲ್ಲೇ ಎಲ್ಲೋ ಕುಳಿತಿದ್ದರೇನೋ ಎಂದು ನಮ್ಮವರು ನಕ್ಕರು. ನಿನ್ನೆ ಸಂಜೆ ಸೇರಿ ಮಾತನಾಡಿದೆವು. ಗೊಂಬೆಯಾಟವನ್ನು ಮೊದಲ ದಿನದ ರಾತ್ರಿಗೂ ಅದರ ಮೇಲಿನ ಮಾತನ್ನು ಮರುದಿನ ಬೆಳಿಗ್ಗೆ ಎಂಟಕ್ಕೂ ಇಟ್ಟಿದ್ದೇವೆ. ರಂಗಗೀತೆಗೆ 25 ಜನ ಎಂಬುದನ್ನು ಒಪ್ಪಿಸಲು ಸ್ವಲ್ಪ ಜಗಳವೇ ಆಯಿತು. ಚಂದ್ರವಳ್ಳಿಗೆ ಒಂದು ಬಸ್ಸು ಗೊತ್ತು ಮಾಡುವುದು ಖರ್ಚಿನ ಬಾಬತ್ತು, ಅದು ಇನ್ನೂ ತೀರ್ಮಾನವಾಗಿಲ್ಲ. ಆ ಹಿರಿಯರಿಗೆ ಫೋನು ಮಾಡುವ ಕೆಲಸವನ್ನು ಮಾತ್ರ ನಾನೇ ವಹಿಸಿಕೊಂಡಿದ್ದೇನೆ.

ಚಿತ್ರದುರ್ಗದವರಲ್ಲಿ ಒಂದು ಪ್ರಶ್ನೆ ಉಳಿದಿದೆ. 24 ಮಕ್ಕಳಿಗೂ ಹದಮಾಡಿದ ತೊಗಲು ಒದಗಿಸುವುದು ನಮ್ಮ ಶಕ್ತಿಗೆ ಮೀರಿದ್ದು. ಕಾಗದದಲ್ಲಿ ಮಾಡಿಸಿದರೆ ಅದು ಮೋಸವಾಗುತ್ತದೆಯೇ? ಕಾಗದದ ಮೂಲಕ ಬೆಳಕು ಹಾಯುವುದಾದರೂ ಹೇಗೆ?

ಉತ್ತರ: ಪರದೆಯ ಹಿಂದಿನವನು, ಚಿತ್ರದುರ್ಗ

ಮೋಸವೇನೂ ಇಲ್ಲ, ಹೆಸರನ್ನು ಮಾತ್ರ ‘ನೆರಳುಗೊಂಬೆ ಕಾರ್ಯಾಗಾರ’ ಎಂದು ಬದಲಿಸಿಕೊಳ್ಳಿ. ಒಂದೇ ಒಂದು ನಿಜವಾದ ತೊಗಲನ್ನು ಕಲಾವಿದರು ಎಲ್ಲರೆದುರು ಕೊರೆಯಲಿ, ಉಳಿಯನ್ನು ಪ್ರತಿ ಮಗುವಿನ ಕೈಗೂ ಕೊಟ್ಟು ನಾಲ್ಕು ತೂತು ಹಾಕಿಸಲಿ. ತಮ್ಮ ತಮ್ಮ ಗೊಂಬೆಗಳನ್ನು ಮಕ್ಕಳು ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಕತ್ತರಿಸಿಕೊಳ್ಳಲಿ. ಹಾಳೆಗೆ ಕೊಬ್ಬರಿ ಎಣ್ಣೆ ಸವರಿ ಹಳೆಯ ದಿನಪತ್ರಿಕೆಗಳ ನಡುವೆ ಒತ್ತಿಟ್ಟರೆ, ಹೆಚ್ಚುವರಿ ಎಣ್ಣೆ ಹೀರಿಕೊಂಡು, ಬೆಳಗಾಗುವುದರೊಳಗೆ ಬೆಳಕು ಹಾಯುವ ಹಾಗಾಗುತ್ತದೆ. ಬಣ್ಣಕ್ಕೆ ಶಾಯಿ ಬಳಸಿ, ಪೋಸ್ಟರ್ ಬಣ್ಣ ಬೇಡವೇ ಬೇಡ. ಶಾಯಿ ಮೊದಲು, ಎಣ್ಣೆ ಆಮೇಲೆ ಎಂಬ ಕ್ರಮ ತಪ್ಪಬಾರದು. ಎಣ್ಣೆ ಹಿಡಿದ ಹಾಳೆಯ ಮೇಲೆ ಶಾಯಿ ನಿಲ್ಲದೆ ಹನಿಹನಿಯಾಗಿ ಜಾರುತ್ತದೆ. ಹಿಡಿಕೆಗೆ ಬಿದಿರಿನ ಸೀಳು ಬೇಕಾಗುತ್ತದೆ. ಮೇದಾರರಿಗೆ ಒಂದು ವಾರ ಮೊದಲೇ ಹೇಳಿಡಿ, ಒಂದೂವರೆ ಅಡಿಯವು, 50 ಇರಲಿ, ಮಕ್ಕಳು ಮುರಿಯುತ್ತಾರೆ.