3 ಆರ್ಕ್‌ಸೆಕೆಂಡ್ ಅಂತರದ ಕ್ವೇಸಾರ್ ಜೋಡಿ: ಮಸೂರದ ಬಿಂಬಗಳೋ, ನಿಜವಾದ ಅವಳಿಯೋ?

ಧ್ರುವತಾರೆ:
ಗಯಾ ಉಪಗ್ರಹದ ಆಕಾಶಕಾಯಗಳ ಪಟ್ಟಿಯಿಂದ ಆರಿಸಿದ ಕ್ವೇಸಾರ್ (ದೂರದ ಗೆಲಾಕ್ಸಿಯ ಅತಿ ಪ್ರಖರ ಕೇಂದ್ರ) ಜೋಡಿ ಇದು. ಅಂತರ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ), ಎರಡರ ರೆಡ್‌ಶಿಫ್ಟೂ (ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿದ ಅಳತೆ, ದೂರದ ಸೂಚಕ) 2ರ ಆಸುಪಾಸು, ಒಂದರ ಬೆಳಕು ಇನ್ನೊಂದರ ಮೂರು ಪಟ್ಟು. ಸರ್ವೆ ಚಿತ್ರಗಳಲ್ಲಿ (ಸೀಯಿಂಗ್, ಅಂದರೆ ವಾತಾವರಣದಿಂದ ಬಿಂಬ ಹರಡುವ ಅಗಲ, 1.3 ಆರ್ಕ್‌ಸೆಕೆಂಡ್) ನಡುವೆ ಯಾವ ಗೆಲಾಕ್ಸಿಯೂ ಕಾಣುವುದಿಲ್ಲ. ಹಾಗಾದರೆ ಗುರುತ್ವ ಮಸೂರ (ನಡುವಿನ ಗೆಲಾಕ್ಸಿಯ ಗುರುತ್ವ ಬೆಳಕನ್ನು ಬಾಗಿಸಿ ಒಂದೇ ಕ್ವೇಸಾರಿನ ಎರಡು ಬಿಂಬ ತೋರಿಸುವುದು) ಅಲ್ಲ, ನಿಜವಾದ ಅವಳಿ ಎಂದು ಹೇಳಬಹುದೇ? ವೀಕ್ಷಣಾ ಸಮಯಕ್ಕೆ ಅರ್ಜಿ ಹಾಕುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಬೆಳಕಿನ_ದಾರಿ:
ಈಗಲೇ ಹೇಳುವ ಹಾಗಿಲ್ಲ. ನೀವು ನೋಡುತ್ತಿರುವ ಜಾಗವೇ ತಪ್ಪಿರಬಹುದು. ಮಸೂರದ ಗೆಲಾಕ್ಸಿ ಎರಡು ಬಿಂಬಗಳ ಸರಿಮಧ್ಯದಲ್ಲಿ ಇರಬೇಕಿಲ್ಲ. ಗೆಲಾಕ್ಸಿಯ ದ್ರವ್ಯರಾಶಿ ಹೇಗೆ ಹರಡಿದೆ ಎಂದು ಹೇಳುವ ಸರಳ ಐಸೋಥರ್ಮಲ್ ಮಾದರಿಯಲ್ಲಿ ಬೆಳಕಿನ ಅನುಪಾತ ಎಷ್ಟೋ, ಗೆಲಾಕ್ಸಿಯಿಂದ ಬಿಂಬಗಳ ದೂರದ ಅನುಪಾತವೂ ಅಷ್ಟೇ. ನಿಮ್ಮ ಜೋಡಿಯಲ್ಲಿ ಅದು 3:1. ಅಂದರೆ ಗೆಲಾಕ್ಸಿ ಪ್ರಖರ ಬಿಂಬದಿಂದ 2.25, ಮಸುಕಾದದ್ದರಿಂದ ಬರೀ 0.75 ಆರ್ಕ್‌ಸೆಕೆಂಡ್ ದೂರ. 1.3ರ ಸೀಯಿಂಗ್‌ನಲ್ಲಿ ಅದು ಮಸುಕಾದ ಬಿಂಬದೊಳಗೇ ಕರಗಿಹೋಗುತ್ತದೆ.

ಜಿ, ಆರ್ ಬಣ್ಣದ ಪಟ್ಟಿಗಳನ್ನು (ಫಿಲ್ಟರ್) ಬಿಟ್ಟು ಇನ್ನೂ ಕೆಂಪಿನತ್ತ ಇರುವ ಐ ಅಥವಾ ಝಡ್ ನೋಡಿ, ಸಿಕ್ಕರೆ ಇನ್‌ಫ್ರಾರೆಡ್‌ನ ಕೆ. ಅದೇ ಚಿತ್ರದ ಒಂಟಿ ನಕ್ಷತ್ರಗಳಿಂದ ಪಿಎಸ್‌ಎಫ್ (ಚುಕ್ಕೆಯಂಥ ಬೆಳಕು ಚಿತ್ರದಲ್ಲಿ ಹರಡುವ ಆಕಾರ) ಕಟ್ಟಿಕೊಂಡು, ಎರಡೂ ಬಿಂಬಗಳಿಗೆ ಒಟ್ಟಿಗೆ ಹೊಂದಿಸಿ ಕಳೆಯಿರಿ. ಎಲ್ಲರೂ ಎಡವುವುದು ಇಲ್ಲೇ: ಮಸುಕಾದ ಬಿಂಬದ ಬೆಳಕನ್ನು ಮುಕ್ತವಾಗಿ ಬಿಟ್ಟರೆ ಪಿಎಸ್‌ಎಫ್ ಗೆಲಾಕ್ಸಿಯ ಬೆಳಕನ್ನೂ ತಾನೇ ನುಂಗುತ್ತದೆ, ಉಳಿಕೆ ಚಿತ್ರ ಸ್ವಚ್ಛವಾಗಿ ಕಾಣುತ್ತದೆ. ಅದಕ್ಕೆ ಸ್ಥಾನಗಳನ್ನು ಗಯಾದಿಂದ ತೆಗೆದುಕೊಂಡು ಸ್ಥಿರವಾಗಿಡಿ. ಜಿ ಪಟ್ಟಿಯ ಅನುಪಾತವನ್ನೇ ಹಿಡಿದು ಇನ್ನೊಮ್ಮೆ ಕಳೆದು ನೋಡಿ.

ಏನೂ ಉಳಿಯದಿದ್ದರೆ ಅದಕ್ಕೆ ನಿಜಕ್ಕೂ ಬೆಲೆಯಿದೆ. 3 ಆರ್ಕ್‌ಸೆಕೆಂಡ್ ಸೀಳಲು, ಗೆಲಾಕ್ಸಿ ರೆಡ್‌ಶಿಫ್ಟ್ 0.5ರಲ್ಲಿದ್ದರೆ ಅದರ ನಕ್ಷತ್ರಗಳ ವೇಗಚದುರಿಕೆ (ವೇಗಗಳ ಹರವು, ಗೆಲಾಕ್ಸಿಯ ತೂಕದ ಸೂಚಕ) ಸೆಕೆಂಡಿಗೆ ಸುಮಾರು 285 ಕಿಮೀ ಬೇಕು, 0.7ರಲ್ಲಿದ್ದರೆ 315. ಅಷ್ಟು ದೊಡ್ಡ ಎಲಿಪ್ಟಿಕಲ್ ಗೆಲಾಕ್ಸಿ ಆಳವಾದ ಐ ಚಿತ್ರದಲ್ಲಿ ಅಡಗಿ ಕೂರುವುದು ಕಷ್ಟ.

ರೋಹಿತ_ಪ್ರಿಯ:
ರೋಹಿತದ (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟೆ) ಬಗ್ಗೆ. ರೋಹಿತದರ್ಶಕದ ಸ್ಲಿಟ್ (ಬೆಳಕು ಒಳಹೋಗುವ ಕಿರಿದಾದ ಸೀಳು) ಎರಡೂ ಬಿಂಬಗಳ ಮೇಲೆ ಹಾಯುವಂತೆ ತಿರುಗಿಸಿ, ಒಂದೇ ಎಕ್ಸ್‌ಪೋಷರ್‌ನಲ್ಲಿ ಎರಡನ್ನೂ ಹಿಡಿಯಿರಿ. ಬೇರೆಬೇರೆ ರಾತ್ರಿಯ ರೋಹಿತಗಳನ್ನು ಹೋಲಿಸಿದರೆ ಸ್ಲಿಟ್‌ನಲ್ಲಿ ಸೋರಿದ ಬೆಳಕೇ ವ್ಯತ್ಯಾಸದ ಹಾಗೆ ಕಾಣುತ್ತದೆ. ಆಮೇಲೆ ಪ್ರತಿ ತರಂಗಾಂತರದಲ್ಲೂ ಎರಡು ಮಾಫಟ್ ವಕ್ರಗಳನ್ನು (ಬಿಂಬದ ಹರವನ್ನು ವಿವರಿಸುವ ಸೂತ್ರ) ಹೊಂದಿಸಿ ಬೆಳಕನ್ನು ಬೇರ್ಪಡಿಸಿ, ಒಂದನ್ನು ಇನ್ನೊಂದರಿಂದ ಭಾಗಿಸಿ. ಅನುಪಾತ ಸಮತಟ್ಟಾಗಿದ್ದರೆ ಮಸೂರದ ಕಡೆಗೆ ವಾಲುತ್ತದೆ. ನೀಲಿಯತ್ತ ನಿಧಾನವಾಗಿ ಓರೆಯಾದರೆ ಗೆಲಾಕ್ಸಿಯ ಧೂಳಿರಬಹುದು. ಅಗಲ ರೇಖೆಗಳಲ್ಲಿ ಒಂದು ಅನುಪಾತ, ರೇಖೆಗಳಿಲ್ಲದ ಕಡೆಯ ಕ್ವೇಸಾರಿನ ಹಿನ್ನೆಲೆ ಬೆಳಕಿನಲ್ಲಿ ಇನ್ನೊಂದು ಬಂದರೆ ಮೈಕ್ರೋಲೆನ್ಸಿಂಗ್ (ಬಿಡಿ ನಕ್ಷತ್ರಗಳೇ ಪುಟ್ಟ ಮಸೂರಗಳಾಗುವುದು) ಶಂಕಿಸಿ, ಏಕೆಂದರೆ ಗೆಲಾಕ್ಸಿಯ ನಕ್ಷತ್ರಗಳು ಕ್ವೇಸಾರಿನ ಪುಟ್ಟ ತಟ್ಟೆಯನ್ನು ಹಿಗ್ಗಿಸಿದಷ್ಟು ವಿಶಾಲವಾದ ರೇಖಾವಲಯವನ್ನು ಹಿಗ್ಗಿಸುವುದಿಲ್ಲ.

ಕಾರ್ಬನ್ 4 ರೇಖೆಯ ತುದಿಯಿಂದ ರೆಡ್‌ಶಿಫ್ಟ್ ಅಳೆಯಬೇಡಿ. ಕ್ವೇಸಾರಿನಿಂದ ಅನಿಲದ ಹೊರಹರಿವಿನಿಂದ ಅದು ನೀಲಿಯತ್ತ ಸೆಕೆಂಡಿಗೆ ನೂರಾರು ಕಿಮೀಯಷ್ಟು ಸರಿದಿರುತ್ತದೆ. ಮೆಗ್ನೀಸಿಯಂ 2 ವಾಸಿ, ಆದರೆ ನಿಮ್ಮ ರೆಡ್‌ಶಿಫ್ಟ್‌ನಲ್ಲಿ ಅದು 8400 ಆಂಗ್‌ಸ್ಟ್ರಾಮ್ ಬಳಿ, ಆಕಾಶದ ಹೈಡ್ರಾಕ್ಸಿಲ್ ರೇಖೆಗಳ ನಡುವೆ ಬೀಳುತ್ತದೆ. ಆಕಾಶವನ್ನು ಕಳೆಯುವಾಗ ಎಚ್ಚರ.

ಚಂದ್ರ_ದೃಷ್ಟಿ:
ಗೆಲಾಕ್ಸಿ ಸಿಗದ ಜೋಡಿಗೆ ಎಲ್ಲಕ್ಕಿಂತ ದೊಡ್ಡ ಪಾಠ ಕ್ಯೂ2345+007 ಎಂಬ ಕ್ವೇಸಾರ್ ಜೋಡಿ. 7.3 ಆರ್ಕ್‌ಸೆಕೆಂಡ್ ಅಂತರ, ಹೋಲುವ ರೋಹಿತಗಳು, ಮಸೂರ ಮಾತ್ರ ಕಾಣದು. ಕತ್ತಲೆ ಮಸೂರ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಚಂದ್ರ ಎಕ್ಸ್‌ರೇ ದೂರದರ್ಶಕ ನೋಡಿದಾಗ ಎರಡರ ಎಕ್ಸ್‌ರೇ ಗುಣವೇ ಬೇರೆ, ನಡುವೆ ಭಾರೀ ಗೆಲಾಕ್ಸಿ ಗುಚ್ಛದ ಬಿಸಿ ಅನಿಲವೂ ಇಲ್ಲ. ನಿಜವಾದ ಅವಳಿ ಎಂಬ ತೀರ್ಮಾನಕ್ಕೆ ಬಂದರು. ಹಾಗಾಗಿ ದೃಗ್ಗೋಚರ ರೋಹಿತಗಳ ಹೋಲಿಕೆಯೊಂದನ್ನೇ ನೆಚ್ಚಬೇಡಿ.

ಅರ್ಜಿಗೆ ಮುಂಚೆ ಖರ್ಚಿಲ್ಲದೆ ಮಾಡಬಹುದಾದದ್ದು ರೇಡಿಯೋ ಸರ್ವೆಗಳನ್ನು ತೆರೆದು ನೋಡುವುದು. ಪಿಕೆಎಸ್ 1145−071 ಜೋಡಿಯಲ್ಲಿ ಒಂದು ಪ್ರಬಲ ರೇಡಿಯೋ ಮೂಲ, ಇನ್ನೊಂದು ರೇಡಿಯೋದಲ್ಲಿ ಮೌನ. ಗುರುತ್ವ ಎಲ್ಲ ತರಂಗಾಂತರಗಳನ್ನೂ ಒಂದೇ ರೀತಿ ಬಾಗಿಸುವುದರಿಂದ ಅಂಥ ಜೋಡಿಗೆ ಮಸೂರದ ವಿವರಣೆ ನಿಲ್ಲುವುದಿಲ್ಲ. ಎರಡೂ ರೇಡಿಯೋದಲ್ಲಿ ಕಾಣದಿದ್ದರೆ ಈ ಪರೀಕ್ಷೆಯಿಂದ ಏನೂ ತಿಳಿಯದು.

ಧ್ರುವತಾರೆ:
ಎಲ್ಲರಿಗೂ ಧನ್ಯವಾದ. ಒಂದೇ ರಾತ್ರಿ ಒಂದೇ ಸ್ಲಿಟ್‌ನಲ್ಲಿ ತೆಗೆದ ಮೇಲೂ ರೇಖೆಗಳ ಆಕಾರ ಸ್ವಲ್ಪ ಬೇರೆ ಬಂದರೆ?

ಬೆಳಕಿನ_ದಾರಿ:
ಅದರಿಂದಲೇ ಮಸೂರವನ್ನು ತಳ್ಳಿಹಾಕಬೇಡಿ. ಬಿಂಬಗಳ ನಡುವೆ ಕಾಲವಿಳಂಬ (ಎರಡು ದಾರಿಯ ಬೆಳಕು ಬೇರೆಬೇರೆ ಹೊತ್ತಿಗೆ ತಲುಪುವುದು) ಇದೆಯಲ್ಲ. 1979ರಲ್ಲಿ ಸಿಕ್ಕ ಮೊದಲ ಮಸೂರ ಕ್ಯೂ0957+561ರಲ್ಲಿ ಅದು 417 ದಿನ. ನಿಮ್ಮ ಜೋಡಿಗೆ, ಗೆಲಾಕ್ಸಿ 0.7ರಲ್ಲಿದೆ ಎಂದುಕೊಂಡರೆ, ಹಬಲ್ ಸ್ಥಿರಾಂಕ (ವಿಶ್ವ ಹಿಗ್ಗುವ ದರ) 70 ಇಟ್ಟು ಅದೇ ಸರಳ ಮಾದರಿ ಸುಮಾರು 300 ದಿನ ಕೊಡುತ್ತದೆ. ಪ್ರಖರ ಬಿಂಬದ ಬೆಳಕು ಮೊದಲು ತಲುಪುತ್ತದೆ. ಅಂದರೆ ನೀವು ನೋಡುವುದು ಒಂದೇ ಕ್ವೇಸಾರಿನ ಹತ್ತು ತಿಂಗಳ ಅಂತರದ ಎರಡು ಸ್ಥಿತಿ. ಹತ್ತು ತಿಂಗಳ ನಂತರ ಮತ್ತೆ ರೋಹಿತ ತೆಗೆದು, ಹಳೆಯ ಪ್ರಖರ ಬಿಂಬವನ್ನು ಹೊಸ ಮಸುಕು ಬಿಂಬದೊಂದಿಗೆ ಹೋಲಿಸಿ.

ಇನ್ನೂ ಗಟ್ಟಿಯಾದದ್ದು ಬೆಳಕಿನ ಏರಿಳಿತದ ನಿಗಾ. ಎಸ್‌ಡಿಎಸ್‌ಎಸ್ ಜೆ1001+5027 ಎಂಬ ಮಸೂರದ ಬಿಂಬಗಳ ಅಂತರ 2.9 ಆರ್ಕ್‌ಸೆಕೆಂಡ್, ನಿಮ್ಮದರಷ್ಟೇ. ಅದರ 119 ದಿನಗಳ ವಿಳಂಬ ಸಿಕ್ಕಿದ ಮಾಹಿತಿಯಲ್ಲಿ ಹೊಸಕೋಟೆಯಿಂದ ನಡೆಸುವ, ಲಡಾಖ್‌ನ ಹಾನ್ಲೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದ ಚಿತ್ರಗಳೂ ಇದ್ದವು. ಆದರೆ 300 ದಿನದ ವಿಳಂಬಕ್ಕೆ ಒಂದು ತೊಡಕಿದೆ: ಜೋಡಿ ಸೂರ್ಯನ ಹಿಂದೆ ಹೋಗುವ ತಿಂಗಳುಗಳಲ್ಲಿ ಒಂದು ಬಿಂಬದ ಏರಿಳಿತ ತಪ್ಪಿಹೋದರೆ ಇನ್ನೊಂದರ ಪ್ರತಿಧ್ವನಿಗೆ ಜೊತೆಯೇ ಸಿಗುವುದಿಲ್ಲ. ಒಂದು ಋತುವಿಗೆ ಸಮಯ ಕೇಳಿದರೆ ಸಾಲದು, ಕನಿಷ್ಠ ಮೂರು ಋತುಗಳಿಗೆ ಕೇಳಿ.